ಪಹಣಿಯ ಒಂದು ಅಂಕಣ, ಹಲವು ಹೆಸರು

(ಬಾನುಲಿ ಭಾಷಣ)

ಕಾರವಾರ, ಅಂಕೋಲೆಗಳ ಕಡೆಯ ಹಳೆಯ ಕಂದಾಯ ಕಾಗದಪತ್ರಗಳನ್ನು ಬಲ್ಲವರಿಗೆ ‘ವಗೈರೆ’ ಎಂಬ ಮಾತು ಹೊಸದಲ್ಲ. ಅರಬ್ಬಿಯಲ್ಲಿ ಹುಟ್ಟಿ, ಪಾರಸಿ ಮರಾಠಿಗಳ ದಫ್ತರಗಳನ್ನು ಹಾದು ನಮ್ಮಲ್ಲಿಗೆ ಬಂದ ಈ ಮಾತಿಗೆ ‘ಇತರರು’, ‘ಮುಂತಾದವರು’ ಎಂದಷ್ಟೇ ಅರ್ಥ. ಒಂದು ಜಮೀನಿಗೆ ಹಕ್ಕುದಾರರು ಏಳೆಂಟು ಜನರಿದ್ದಾಗ, ಹಿರಿಯನ ಹೆಸರೊಂದನ್ನು ಬರೆದು ಮುಂದೆ ‘ವಗೈರೆ’ ಎಂದು ಸೇರಿಸಿಬಿಟ್ಟರೆ ಬರೆಯುವವನ ಕೆಲಸ ಮುಗಿಯಿತು. ಉಳಿದವರ ಕೆಲಸ ಅಲ್ಲಿಂದ ಮೊದಲಾಯಿತು. ತಮ್ಮ, ತಂಗಿ, ತೀರಿಹೋದ ಅಣ್ಣನ ಹೆಂಡತಿ, ಊರು ಬಿಟ್ಟು ಹೋದ ಚಿಕ್ಕಪ್ಪನ ಮಕ್ಕಳು, ಇವರೆಲ್ಲರೂ ಆ ಮೂರಕ್ಷರದ ಮರೆಯಲ್ಲಿ ನಿಂತು, ತಾವೂ ಇದ್ದೇವೆಂದು ಮುಂದೆ ಎಂದೋ ಸಾಕ್ಷಿ ತರಬೇಕಾಯಿತು.

ನಾನು ಇಂದು ಹೇಳಹೊರಟಿರುವುದು ಗಣಕಯಂತ್ರಗಳಲ್ಲಿ ಮಾಹಿತಿಯನ್ನು ಅಡಕಮಾಡಿಡುವ ಡೇಟಾಬೇಸ್ ಎಂಬ ದತ್ತಸಂಚಯಗಳ ವಿಷಯ. ಅವುಗಳಲ್ಲಿಯೂ ‘ಬಹುಮೌಲ್ಯ ದತ್ತಸಂಚಯ’, ಅಂದರೆ ಮಲ್ಟಿವ್ಯಾಲ್ಯೂ ಎಂಬ ಒಂದು ಬಗೆಯ ವಿಷಯ. ಕಂದಾಯದ ವಹಿಯಿಂದ ಮಾತನ್ನಾರಂಭಿಸಿದ್ದಕ್ಕೆ ಕಾರಣವುಂಟು. ಒಂದು ವಸ್ತುವಿಗೆ ಹಲವು ಹೆಸರುಗಳು ಸೇರಿಕೊಂಡಾಗ ಅವನ್ನು ಎಲ್ಲಿ, ಹೇಗೆ ಬರೆದಿಡಬೇಕು ಎಂಬ ಪ್ರಶ್ನೆಯೇ ಈ ದತ್ತಸಂಚಯಗಳನ್ನು ಒಂದರಿಂದ ಒಂದನ್ನು ಬೇರೆಮಾಡಿದ ಪ್ರಶ್ನೆ. ಅದೇ ಪ್ರಶ್ನೆಯನ್ನು ಗಣಕಯಂತ್ರ ಹುಟ್ಟುವುದಕ್ಕೆ ಬಹುಕಾಲ ಮೊದಲೇ ನಮ್ಮ ಹಳ್ಳಿಗಳ ಶಾನುಭೋಗರೂ ತಲಾಟಿಗಳೂ ಎದುರಿಸಿದ್ದರು.

ಉತ್ತರ ಕನ್ನಡ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದರೊಡನೆ ಮುಂಬಯಿಯ ಮೋಜಣಿ ಪದ್ಧತಿಯೂ ಕ್ರಮೇಣ ಈ ಕರಾವಳಿಗೆ ಬಂದಿತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಪುಣೆಯ ಕಡೆಯ ಇಂದಾಪುರದಲ್ಲಿ ರೂಢಿಸಿ, 1847ರ ಜಂಟಿ ವರದಿಯಲ್ಲಿ ಸ್ಥಿರಪಡಿಸಿದ ಪದ್ಧತಿಯದು. ಅದರ ತಿರುಳು ಸರಳ: ನೆಲವನ್ನು ಅಳೆದು ತುಂಡು ತುಂಡಾಗಿಸು, ಪ್ರತಿ ತುಂಡಿಗೂ ಒಂದು ಸರ್ವೆ ನಂಬರು ಕೊಡು, ಪ್ರತಿ ನಂಬರಿಗೂ ಒಂದು ಆಕಾರವನ್ನು, ಅಂದರೆ ಕಂದಾಯವನ್ನು ಗೊತ್ತುಮಾಡು, ಅದನ್ನು ಸಲ್ಲಿಸುವ ಖಾತೆದಾರನ ಹೆಸರು ಬರೆದುಕೋ. ಸರ್ಕಾರಕ್ಕೆ ಬೇಕಾದದ್ದು ಹಣ ಕೊಡುವ ಒಂದು ಕೈ. ಆ ಕೈಯ ಹಿಂದೆ ಎಷ್ಟು ಹೊಟ್ಟೆಗಳಿವೆ ಎಂಬುದು ಅಂದಿನ ವಹಿಯ ವಿಚಾರವಾಗಿರಲಿಲ್ಲ. ಒಂದು ನಂಬರಿಗೆ ಒಂದು ಹೆಸರು. ಹೆಚ್ಚಾದರೆ ಹೆಸರಿನ ಮುಂದೆ ವಗೈರೆ.

ಈ ವ್ಯವಸ್ಥೆ ಸಾಲದೆಂದು ಕಂಡುಕೊಳ್ಳಲು ಸರ್ಕಾರಕ್ಕೆ ಅರ್ಧ ಶತಮಾನಕ್ಕೂ ಮಿಕ್ಕಿ ಬೇಕಾಯಿತು. ಜಮೀನು ಅಡವಾಗುತ್ತಿತ್ತು, ಪಾಲಾಗುತ್ತಿತ್ತು, ಮಾರಾಟವಾಗುತ್ತಿತ್ತು. ವಹಿಯಲ್ಲಿ ಮಾತ್ರ ಎಂದೋ ತೀರಿಕೊಂಡವನೇ ಖಾತೆದಾರನಾಗಿ ಉಳಿದಿರುತ್ತಿದ್ದ. ಕೊನೆಗೆ 1903ರಲ್ಲಿ ಮುಂಬಯಿ ಸರ್ಕಾರ ಹಕ್ಕು ದಾಖಲೆಯ ಕಾಯ್ದೆಯನ್ನು ತಂದಿತು. ಕಂದಾಯ ಕೊಡುವವನಷ್ಟೇ ಅಲ್ಲ, ಆ ಜಮೀನಿನಲ್ಲಿ ಹಕ್ಕುಳ್ಳ ಪ್ರತಿಯೊಬ್ಬನ ಹೆಸರೂ, ಆ ಹಕ್ಕಿನ ಸ್ವರೂಪವೂ ಪ್ರಮಾಣವೂ ದಾಖಲಾಗಬೇಕೆಂಬುದು ಅದರ ಉದ್ದೇಶ. ಒಂದೇ ಹೆಸರಿನ ಮನೆಯನ್ನು ಹಲವು ಹೆಸರುಗಳ ಮನೆಯಾಗಿಸಿದ ಕಾಯ್ದೆ ಅದು.

ಈ ಪದ್ಧತಿಯಿಂದ ಹುಟ್ಟಿದ ಗ್ರಾಮ ನಮೂನೆಗಳನ್ನು ನಾನು ಮೆಚ್ಚುಗೆಯಿಂದ ನೋಡುತ್ತೇನೆ. ಏಳನೆಯ ನಮೂನೆ ಸರ್ವೆ ನಂಬರಿನದು: ಈ ನೆಲಕ್ಕೆ ಯಾರು ಯಾರು ಹಕ್ಕುದಾರರು? ಎಂಟು-ಅ ನಮೂನೆ ಖಾತೆದಾರನದು: ಈ ಮನುಷ್ಯನಿಗೆ ಯಾವ ಯಾವ ನೆಲ? ಆರನೆಯದು ಬದಲಾವಣೆಗಳ ವಹಿ: ಯಾವ ದಿನ, ಯಾವ ಕಾರಣದಿಂದ ಹೆಸರು ಬದಲಾಯಿತು? ಹನ್ನೆರಡನೆಯದು ಬೆಳೆಯದು. ಏಳು ಮತ್ತು ಹನ್ನೆರಡು ಸೇರಿ ಮಹಾರಾಷ್ಟ್ರದವರು ಇಂದಿಗೂ ‘ಸಾತ್‌ಬಾರಾ’ ಎನ್ನುವ ಕಾಗದವಾಯಿತು. ನಮ್ಮಲ್ಲಿ ಅದರ ಸ್ಥಾನದಲ್ಲಿರುವುದೇ ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ. ಜನರ ಬಾಯಲ್ಲಿ ಪಹಣಿ. ಒಂದೇ ಸತ್ಯವನ್ನು ನೆಲದ ಕಡೆಯಿಂದ ಒಮ್ಮೆ, ಮನುಷ್ಯನ ಕಡೆಯಿಂದ ಒಮ್ಮೆ ಬರೆದಿಡುವ ಈ ಜೋಡಿ ವಹಿಯ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಅದರ ಅಗತ್ಯ ಬೀಳುತ್ತದೆ.

ಹೆಸರು ವಹಿಯಲ್ಲಿ ಎಲ್ಲಿದೆ ಎಂಬುದು ಬರಿಯ ಬರವಣಿಗೆಯ ಮಾತಲ್ಲ. ‘ಕರ್ನಾಟಕದ ಬಾರ್ಡೋಲಿ’ ಎಂದು ಹೆಸರಾದ ಅಂಕೋಲೆಗೆ ಇದು ಚೆನ್ನಾಗಿ ಗೊತ್ತು. 1930ರಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಈ ತಾಲೂಕಿನ ಜನ 1932ರ ಕರನಿರಾಕರಣೆಯಲ್ಲಿ ಸಿದ್ದಾಪುರದವರೊಡನೆ ಮುಂಚೂಣಿಯಲ್ಲಿ ನಿಂತರು. ಕಂದಾಯ ಕೊಡದವರ ಜಮೀನು ಮುಟ್ಟುಗೋಲಾಯಿತು. ಮುಟ್ಟುಗೋಲಾಗುತ್ತಿದ್ದುದು ಹಿಡುವಳಿ, ಖಾತೆದಾರನೊಬ್ಬನ ಪಾಲು ಮಾತ್ರವಲ್ಲ. ವಹಿಯಲ್ಲಿ ಒಂದು ಹೆಸರಿಗೆ ಗೆರೆ ಬಿದ್ದರೆ ಅದರ ಬೆನ್ನಿಗಿದ್ದ ಇಡೀ ಕುಟುಂಬ ಬೀದಿಗೆ ಬಂದಂತೆ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರಕ್ಕೆ ಬಂದ ಬಳಿಕವೇ ಕಳೆದುಹೋದ ಜಮೀನುಗಳು ಮರಳುವ ದಾರಿ ತೆರೆಯಿತು.

ಗೇಣಿದಾರನ ಪಾಡು ಇನ್ನೊಂದು ಬಗೆಯದು. ಅವನ ಬೆವರು ನೆಲದಲ್ಲಿದ್ದರೂ ಹೆಸರು ವಹಿಯಲ್ಲಿರುತ್ತಿರಲಿಲ್ಲ. ಚುಟುಕುಗಳಿಂದ ನಾಡಿಗೆ ಪರಿಚಿತರಾದ ಅಂಕೋಲೆಯ ದಿನಕರ ದೇಸಾಯಿಯವರು ಕಟ್ಟಿದ ರೈತ ಚಳವಳಿಯ ಹಿಂದೆ ಈ ನೋವೇ ಇತ್ತು; ಅದಕ್ಕಾಗಿ ಅವರು 1940ರಿಂದ ಐದು ವರ್ಷ ಜಿಲ್ಲೆಯಿಂದ ಗಡೀಪಾರಾಗಿರಬೇಕಾಯಿತು. ಕರ್ನಾಟಕದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿದಾರರು ಭೂನ್ಯಾಯಮಂಡಳಿಯ ಮುಂದೆ ಅರ್ಜಿ ಹಿಡಿದು ನಿಂತಾಗ, ಪಹಣಿಯ ಸಾಗುವಳಿದಾರನ ಅಂಕಣದಲ್ಲಿ ಹೆಸರಿದ್ದವನ ಮಾತಿಗೂ ಇಲ್ಲದವನ ಮಾತಿಗೂ ತೂಕ ಒಂದೇ ಆಗಿರಲಿಲ್ಲ.

ಈಗ ಸಮುದ್ರ ದಾಟಿ ಅಮೆರಿಕಕ್ಕೆ ಹೋಗೋಣ. 1960ರ ದಶಕದಲ್ಲಿ ಗಣಕಯಂತ್ರಗಳು ಲೆಕ್ಕ ಮಾಡುವುದನ್ನಷ್ಟೇ ಅಲ್ಲದೆ ದಾಖಲೆ ಇಡುವುದನ್ನೂ ಕಲಿಯತೊಡಗಿದ್ದವು. ಅಲ್ಲಿಯೂ ಅದೇ ತೊಡಕು: ಒಂದಕ್ಕೆ ಹಲವು. ಉತ್ತರಗಳು ನಾಲ್ಕು ದಿಕ್ಕಿನಿಂದ ಬಂದವು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚಾರ್ಲ್ಸ್ ಬಾಕ್‌ಮನ್ ದಾಖಲೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜಾಲವಾಗಿ ಹೆಣೆದ. ಐಬಿಎಂ ಸಂಸ್ಥೆ ಚಂದ್ರಯಾನದ ಅಪೋಲೊ ಕಾರ್ಯಕ್ರಮಕ್ಕಾಗಿ ರೂಪಿಸಿದ ಐಎಂಎಸ್ ಎಂಬ ವ್ಯವಸ್ಥೆ ದಾಖಲೆಗಳನ್ನು ವಂಶವೃಕ್ಷದಂತೆ ಜೋಡಿಸಿತು. ಟಿಆರ್‌ಡಬ್ಲ್ಯು ಎಂಬ ಸಂಸ್ಥೆಯಲ್ಲಿ ಡಾನ್ ನೆಲ್ಸನ್ ಮತ್ತು ಡಿಕ್ ಪಿಕ್ ಎಂಬಿಬ್ಬರು 1965ರ ಸುಮಾರಿಗೆ, ಅಮೆರಿಕದ ಸೇನೆಯ ಶಯಾನ್ ಹೆಲಿಕಾಪ್ಟರಿನ ಬಿಡಿಭಾಗಗಳ ಲೆಕ್ಕವಿಡಲೆಂದು ಮೂರನೆಯ ದಾರಿ ಹಿಡಿದರು. ಅದೇ ಬಹುಮೌಲ್ಯದ ದಾರಿ. ಮುಂದೆ 1973ರಲ್ಲಿ ಮೈಕ್ರೋಡೇಟಾ ಎಂಬ ಕಂಪನಿ ‘ರಿಯಾಲಿಟಿ’ ಎಂಬ ಹೆಸರಿನಲ್ಲಿ ಅದನ್ನು ಮಾರಿತು. ಅನಂತರ ಯೂನಿವರ್ಸ್, ಯೂನಿಡೇಟಾ ಮೊದಲಾದ ಸಂತತಿ ಬೆಳೆಯಿತು. ನಾಲ್ಕನೆಯದು ಐಬಿಎಂನಲ್ಲಿಯೇ ಇದ್ದ ಆಂಗ್ಲ ಗಣಿತಜ್ಞ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಸಂಬಂಧಾತ್ಮಕ ಮಾದರಿ. ಇಂದು ಜಗತ್ತಿನ ಬಹುಪಾಲು ಕಚೇರಿಗಳ ಲೆಕ್ಕಪತ್ರ ನಿಂತಿರುವುದು ಅದರ ಮೇಲೆಯೇ.

ಈ ನಾಲ್ಕರ ವ್ಯತ್ಯಾಸ ತಿಳಿಯಲು ಅಂಕೋಲೆಯ ಕಡೆಯ ಒಂದು ತೆಂಗಿನ ತೋಟವನ್ನು ಕಲ್ಪಿಸಿಕೊಳ್ಳೋಣ. ಒಂದು ಸರ್ವೆ ನಂಬರು. ಹಕ್ಕುದಾರರು ಮೂವರು: ಅಣ್ಣ, ತಮ್ಮ, ತಂಗಿ. ಅಣ್ಣನದು ಇಪ್ಪತ್ತು ಗುಂಟೆ, ತಮ್ಮನದು ಹನ್ನೆರಡು, ತಂಗಿಯದು ಎಂಟು. ನಲವತ್ತು ಗುಂಟೆ ಸೇರಿ ಒಂದು ಎಕರೆ. ತಮ್ಮ ಸಹಕಾರ ಸಂಘದಲ್ಲಿ ಎರಡು ಸಾಲ ಮಾಡಿದ್ದಾನೆ.

ವೃಕ್ಷದ ಮಾದರಿಯಲ್ಲಿ ತೋಟ ತಾಯಿಬೇರು, ಮೂವರು ಕೊಂಬೆಗಳು, ತಮ್ಮನ ಕೊಂಬೆಗೆ ಎರಡು ಸಾಲದ ಟಿಸಿಲು. ತಂಗಿಯನ್ನು ಕಾಣಬೇಕಾದರೆ ತೋಟದ ಬುಡದಿಂದಲೇ ಹತ್ತಿ ಬರಬೇಕು. ಜಾಲದ ಮಾದರಿಯಲ್ಲಿ ತಂಗಿಯಿಂದ ಅವಳ ಗಂಡನ ಮನೆಯ ಹೊಲಕ್ಕೂ ಕೊಂಡಿ ಇರಬಹುದು. ಆದರೆ ಯಾವ ಕೊಂಡಿ ಹಿಡಿದು ಎಲ್ಲಿಗೆ ಹೋಗಬೇಕೆಂಬುದನ್ನು ಬರೆಯುವವನೇ ಬಲ್ಲವನಾಗಿರಬೇಕು. ಕಾಡ್‌ನ ಸಂಬಂಧಾತ್ಮಕ ಮಾದರಿಯಲ್ಲಿ ನಿಯಮ ಬಲು ಕಟ್ಟುನಿಟ್ಟು: ಒಂದು ಮನೆಯಲ್ಲಿ ಒಂದೇ ಮೌಲ್ಯ. ತೋಟದ್ದೊಂದು ಪಟ್ಟಿ, ಜನರದ್ದೊಂದು ಪಟ್ಟಿ, ಯಾರು ಯಾವ ತೋಟದಲ್ಲಿ ಎಷ್ಟು ಗುಂಟೆಗೆ ಹಕ್ಕುದಾರರು ಎಂಬುದಕ್ಕೆ ಮೂರನೆಯದೊಂದು ಪಟ್ಟಿ, ಅದರಲ್ಲಿ ಮೂರು ಸಾಲು, ಸಾಲಗಳಿಗೆ ನಾಲ್ಕನೆಯ ಪಟ್ಟಿ. ಕಾಡ್ ತನ್ನ 1970ರ ಪ್ರಬಂಧದಲ್ಲಿ ಇದನ್ನು ವಿವರಿಸಲು ನೌಕರನೊಬ್ಬನ ದಾಖಲೆಯನ್ನು ಎತ್ತಿಕೊಂಡಿದ್ದಾನೆ. ಆ ನೌಕರನ ಮಕ್ಕಳನ್ನೂ, ಅವನು ಏರಿದ ಹುದ್ದೆಗಳನ್ನೂ, ಪಡೆದ ಸಂಬಳಗಳನ್ನೂ ಅವನ ದಾಖಲೆಯಿಂದ ಹೊರತೆಗೆದು ಬೇರೆ ಬೇರೆ ಪಟ್ಟಿಗಳಾಗಿಸಿ ತೋರಿಸುತ್ತಾನೆ.

ಬಹುಮೌಲ್ಯದ ಮಾದರಿ ಹಾಗೆ ಒಡೆಯುವುದಿಲ್ಲ. ಸರ್ವೆ ನಂಬರನ್ನು ಕೀಲಿಯಾಗಿಟ್ಟುಕೊಂಡು ತೋಟದ ಒಂದೇ ದಾಖಲೆ ಬರೆಯುತ್ತದೆ. ಹಕ್ಕುದಾರರ ಅಂಕಣದಲ್ಲಿ ಅಣ್ಣ, ತಮ್ಮ, ತಂಗಿ, ಮೂವರೂ ಇರುತ್ತಾರೆ. ವಿಸ್ತೀರ್ಣದ ಅಂಕಣದಲ್ಲಿ ಅದೇ ಕ್ರಮದಲ್ಲಿ ಇಪ್ಪತ್ತು, ಹನ್ನೆರಡು, ಎಂಟು. ಸಾಲದ ಅಂಕಣದಲ್ಲಿ ಅಣ್ಣನ ಸ್ಥಾನ ಖಾಲಿ. ತಮ್ಮನ ಸ್ಥಾನದೊಳಗೆ ಎರಡು ಉಪಮೌಲ್ಯಗಳು. ಇವನ್ನೆಲ್ಲ ಬೇರ್ಪಡಿಸಲು ಪಿಕ್‌ನ ವ್ಯವಸ್ಥೆ ಮೂರು ವಿಶೇಷ ಗುರುತುಗಳನ್ನಿಟ್ಟುಕೊಂಡಿತ್ತು: ಅಂಕಣಗಳ ನಡುವೆ 254ನೆಯ ಸಂಜ್ಞೆ, ಮೌಲ್ಯಗಳ ನಡುವೆ 253ನೆಯದು, ಉಪಮೌಲ್ಯಗಳ ನಡುವೆ 252ನೆಯದು. ಅಂಕಣದ ಹೆಸರೇನು, ಅದರಲ್ಲಿರುವುದು ದಿನಾಂಕವೋ ಹಣವೋ ಎಂಬ ವಿವರಣೆ ದಾಖಲೆಯಲ್ಲಿರುವುದಿಲ್ಲ. ಅದಕ್ಕೆ ಬೇರೆ ನಿಘಂಟಿದೆ. ದಾಖಲೆಯೆಂಬುದು ಬೇಕಾದಂತೆ ಉದ್ದ ಹೆಚ್ಚುಕಡಿಮೆಯಾಗಬಲ್ಲ ಅಕ್ಷರಮಾಲೆ. ಓದುವಾಗ ನಿಘಂಟು ಅರ್ಥ ಹೇಳುತ್ತದೆ. ನಿಘಂಟನ್ನು ಬಲ್ಲ ಸಾಹಿತ್ಯಪ್ರಿಯರಿಗೆ ಈ ಏರ್ಪಾಟು ಅಪರಿಚಿತವೆನಿಸಲಾರದು.

ಹಾಗಾದರೆ ಯಾವುದನ್ನು ಬಹುಮೌಲ್ಯವೆನ್ನಬೇಕು, ಯಾವುದನ್ನು ಎನ್ನಬಾರದು? ಇಲ್ಲಿ ಬಹಳ ಜನ ತಪ್ಪು ತಿಳಿಯುವುದುಂಟು. ಒಂದು ಅಂಕಣದಲ್ಲಿ ಅಲ್ಪವಿರಾಮ ಹಾಕಿ ಮೂರು ಹೆಸರು ಬರೆದ ಮಾತ್ರಕ್ಕೆ ಅದು ಬಹುಮೌಲ್ಯವಾಗುವುದಿಲ್ಲ. ನಮ್ಮ ಕಣ್ಣಿಗೆ ಅವು ಮೂರು ಹೆಸರು. ಯಂತ್ರಕ್ಕೆ ಒಂದೇ ಉದ್ದನೆಯ ಹೆಸರು. ‘ತಂಗಿಗೆ ಹಕ್ಕಿರುವ ತೋಟಗಳು ಯಾವುವು?’ ಎಂದು ಕೇಳಿದರೆ ಅದಕ್ಕೆ ಅವಳು ಕಾಣುವುದೇ ಇಲ್ಲ. ಇದು ವಗೈರೆಯ ಇನ್ನೊಂದು ರೂಪ. ಹಾಗೆಯೇ ‘ಹಕ್ಕುದಾರ ಒಂದು’, ‘ಹಕ್ಕುದಾರ ಎರಡು’, ‘ಹಕ್ಕುದಾರ ಮೂರು’ ಎಂದು ಮೂರು ಅಂಕಣ ಗೀಚಿಟ್ಟರೂ ಆಗದು. ನಾಲ್ಕನೆಯವಳು ಬಂದ ದಿನ ಅವಳಿಗೆ ಮನೆಯಿಲ್ಲ.

ನನಗೆ ತೋರುವಂತೆ ಬಹುಮೌಲ್ಯವೆನಿಸಿಕೊಳ್ಳಲು ನಾಲ್ಕು ಲಕ್ಷಣಗಳು ಬೇಕು. ಅಂಕಣದೊಳಗಿನ ಪ್ರತಿ ಮೌಲ್ಯವನ್ನೂ ವ್ಯವಸ್ಥೆ ಪ್ರತ್ಯೇಕವಾಗಿ ಗುರುತಿಸಬೇಕು. ಎಷ್ಟು ಮೌಲ್ಯ ಎಂಬುದಕ್ಕೆ ಮೊದಲೇ ಕಟ್ಟು ಹಾಕಿರಬಾರದು. ಒಂದು ಅಂಕಣದ ಎರಡನೆಯ ಮೌಲ್ಯ ಇನ್ನೊಂದು ಅಂಕಣದ ಎರಡನೆಯ ಮೌಲ್ಯಕ್ಕೆ ಸೇರಿದ್ದೆಂಬ ನಂಟು ನಿಘಂಟಿನಲ್ಲಿ ತಿಳಿಸಿರಬೇಕು. ಪ್ರಶ್ನೆ ಕೇಳುವ ಭಾಷೆ ಈ ಮೌಲ್ಯಗಳನ್ನು ಬಿಡಿಬಿಡಿಯಾಗಿ ಎತ್ತಿಕೊಡಬಲ್ಲುದಾಗಿರಬೇಕು. ಈಚಿನ ದಿನಗಳ ದಸ್ತಾವೇಜು ಮಾದರಿಯ ದತ್ತಸಂಚಯಗಳು, 2009ರಲ್ಲಿ ಹೊರಬಂದ ಮೊಂಗೊಡಿಬಿಯಂಥವು, ಇದರ ಹತ್ತಿರದ ನೆಂಟರು. ಆದರೂ ಅವುಗಳಲ್ಲಿ ಒಳಗಿನೊಳಗೆ ಬಹಳ ಆಳಕ್ಕೆ ಇಳಿಯಬಹುದು. ಪ್ರತಿ ಅಂಶದ ಹೆಸರೂ ದಸ್ತಾವೇಜಿನೊಳಗೇ ಬರೆದಿರುತ್ತದೆ. ಪಿಕ್‌ನ ಪರಂಪರೆಯಲ್ಲಿ ಆಳ ಉಪಮೌಲ್ಯಕ್ಕೆ ನಿಲ್ಲುತ್ತದೆ, ಹೆಸರು ನಿಘಂಟಿನಲ್ಲಿರುತ್ತದೆ. ಸಂಬಂಧಾತ್ಮಕರೂ ಮುಂದೆ ಸ್ವಲ್ಪ ಸಡಿಲಗೊಂಡರು. ಒಂದು ಮನೆಯಲ್ಲಿ ಒಂದೇ ಮೌಲ್ಯವೆಂಬ ನಿಯಮವನ್ನು ಬಿಟ್ಟರೂ ಗಣಿತ ಕೆಡುವುದಿಲ್ಲವೆಂಬ ವಾದವನ್ನು 1977ರಲ್ಲಿ ಜಪಾನಿನ ಮಕಿನೊಉಚಿ ಎತ್ತಿದ. 1999ರ ಎಸ್‌ಕ್ಯುಎಲ್ ಮಾನಕ ಒಂದು ಅಂಕಣದಲ್ಲಿ ಸಾಲುಮೌಲ್ಯಗಳಿಗೆ ಎಡೆ ಕೊಟ್ಟಿತು. ಆದ್ದರಿಂದ ‘ಹಲವು ಮೌಲ್ಯ ಹಿಡಿಸುತ್ತದೆಯೇ?’ ಎಂಬ ಒಂದೇ ಪ್ರಶ್ನೆಯಿಂದ ಜಾತಿ ನಿರ್ಣಯ ಮಾಡಲಾಗದು. ಹಲವುತನ ಸಹಜವೆಂದು ತಿಳಿದು ಇಡೀ ಮನೆಯನ್ನು ಕಟ್ಟಿದೆಯೋ, ಅಥವಾ ಅತಿಥಿಗೆಂದು ಒಂದು ಕೋಣೆಯನ್ನು ಮಾತ್ರ ಬಿಟ್ಟಿದೆಯೋ ಎಂಬುದನ್ನು ನೋಡಬೇಕು.

ಇವುಗಳಲ್ಲಿ ಮೇಲು ಯಾವುದು? ತೋಟವನ್ನು ತೋಟವಾಗಿ ನೋಡಬಯಸುವವನಿಗೆ ಬಹುಮೌಲ್ಯ ಅನುಕೂಲ. ಒಂದು ಕೀಲಿ ತಿರುವಿದರೆ ಇಡೀ ಚಿತ್ರ ಎದುರಿಗೆ. ನಾಲ್ಕು ಪಟ್ಟಿ ಕೂಡಿಸುವ ಶ್ರಮವಿಲ್ಲ. ಏಳನೆಯ ನಮೂನೆಯ ಹಾಳೆಯ ಗುಣವೂ ಇದೇ. ಆದರೆ ಅಪಾಯವೂ ಅಲ್ಲಿಯೇ ಇದೆ. ಹೆಸರು ಮತ್ತು ಗುಂಟೆಗಳ ನಂಟು ನಿಂತಿರುವುದು ಸ್ಥಾನದ ಮೇಲೆ. ತಮ್ಮನ ಹೆಸರನ್ನು ಅಳಿಸಿದವನು ಅವನ ಹನ್ನೆರಡು ಗುಂಟೆಯನ್ನು ಅಳಿಸಲು ಮರೆತರೆ, ತಂಗಿ ಒಂದು ಮೆಟ್ಟಿಲು ಮೇಲೇರಿ ಆ ಹನ್ನೆರಡಕ್ಕೆ ಒಡತಿಯಾಗುತ್ತಾಳೆ; ಅವಳ ಎಂಟು ಗುಂಟೆ ವಾರಸುದಾರರಿಲ್ಲದೆ ತೇಲುತ್ತದೆ. ಜೋಡಿ ವಹಿಯ ಮಾತನ್ನು ಇಲ್ಲಿ ನೆನೆಯಬೇಕು. ತೋಟದ ದಾಖಲೆಯಲ್ಲಿ ತಂಗಿಯ ಹೆಸರಿದೆ. ತಂಗಿಯ ದಾಖಲೆಯಲ್ಲಿ ತೋಟದ ನಂಬರಿದೆ. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಏಳನೆಯ ನಮೂನೆ ಹೌದೆನ್ನುತ್ತದೆ, ಎಂಟು-ಅ ಅಲ್ಲವೆನ್ನುತ್ತದೆ. ಕಾಡ್‌ನ ಮೂರನೆಯ ಪಟ್ಟಿ ಈ ರೋಗಕ್ಕೆ ಮದ್ದು: ನಂಟನ್ನು ಒಂದೇ ಕಡೆ, ಒಂದೇ ಸಲ ಬರೆ, ನೆಲದ ಕಡೆಯಿಂದ ಬೇಕಾದರೂ ಓದು, ಮನುಷ್ಯನ ಕಡೆಯಿಂದ ಬೇಕಾದರೂ ಓದು. ಬೆಲೆ ಇಷ್ಟೇ: ತೋಟದ ಚಿತ್ರ ಒಡೆದು ಹೋಗಿರುತ್ತದೆ, ಪ್ರತಿ ಸಲವೂ ಅದನ್ನು ಕೂಡಿಸಿ ನೋಡಬೇಕು.

ನಮ್ಮ ರಾಜ್ಯ ಈ ಬೆಲೆಯನ್ನು ತೆರಲು ಒಪ್ಪಿತು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಸಂಬಂಧಾತ್ಮಕ ಮಾದರಿಯ ಗಣಕಯಂತ್ರಗಳಿಗೆ ಸೇರಿಸಿತು. ಯಂತ್ರದ ಒಳಗೆ ಹೆಸರುಗಳು ಬೇರೆ ಬೇರೆ ಸಾಲುಗಳಲ್ಲಿವೆ. ಮುದ್ರಣವಾಗಿ ರೈತನ ಕೈಗೆ ಬರುವ ಹಾಳೆಯಲ್ಲಿ ಮಾತ್ರ ಹಳೆಯ ಅಂಕಣ, ಹಲವು ಹೆಸರು ಹಾಗೆಯೇ ಉಳಿದಿವೆ. ಅದನ್ನು ಬಹುಮಾಲೀಕತ್ವದ ಪಹಣಿ ಎನ್ನುತ್ತಾರೆ. ಅಂಥದನ್ನು ಅಳೆದು, ನಕಾಶೆ ಬರೆದು, ಪ್ರತಿಯೊಬ್ಬನಿಗೂ ಬೇರೆ ಹಿಸ್ಸಾ ನಂಬರು ಕೊಟ್ಟು ಏಕಮಾಲೀಕತ್ವದ ಪಹಣಿಯಾಗಿಸುವ ಕೆಲಸಕ್ಕೆ ಪೋಡಿ ಎಂದು ಹೆಸರು. ಕಾಡ್ ಕಾಗದದ ಮೇಲೆ ಮಾಡಿದ್ದನ್ನು ಮೋಜಣಿದಾರ ನೆಲದ ಮೇಲೆ ಸರಪಳಿ ಹಿಡಿದು ಮಾಡುತ್ತಾನೆ ಎನ್ನಬಹುದು. ಆದರೆ ಎಲ್ಲವೂ ಪೋಡಿಗೆ ಸಿಕ್ಕುವುದಿಲ್ಲ. ಒಂದು ಬಾವಿ, ಒಂದು ಹಾದಿ, ದೇವರ ಬನ, ಮೂವರ ಪಾಲಿನ ಒಂದೇ ಮನೆಯಂಗಳ, ಇವನ್ನು ಹೇಗೆ ತುಂಡರಿಸುವುದು? ಕೆಲವು ನೆಲಗಳು ಸ್ವಭಾವತಃ ಬಹುಮೌಲ್ಯದವು.

ಈ ಮಾತಿನ ಬಿಸಿ ಕಾರವಾರ-ಅಂಕೋಲೆಯ ಕರಾವಳಿಗೆ ತಟ್ಟಿದಷ್ಟು ಬೇರೆಡೆ ತಟ್ಟಿರುವುದು ವಿರಳ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ನಡುವೆ ಎರಡೂ ತಾಲೂಕುಗಳ ಹಲವು ಹಳ್ಳಿಗಳು ತೆರವಾದವು. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪರಿಹಾರವನ್ನು ಹಿತಾಸಕ್ತಿಯುಳ್ಳ ಎಲ್ಲರಿಗೂ ಹಂಚಬೇಕು. ಆ ಎಲ್ಲರು ಯಾರು? ನೆಲವೇ ಸರ್ಕಾರದ ಪಾಲಾದ ಮೇಲೆ ಉಳಿಯುವ ಸಾಕ್ಷಿ ವಹಿಯ ಅಂಕಣವೊಂದೇ. ಕರ್ನಾಟಕದ 1994ರ ತಿದ್ದುಪಡಿ ಮತ್ತು ಕೇಂದ್ರದ 2005ರ ತಿದ್ದುಪಡಿಗಳು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟವು. ಅಂಕಣಕ್ಕೆ ಸೇರಬೇಕಾದ ಹೆಸರುಗಳು ಹೆಚ್ಚಿದವು. ಕಾಯಿದೆ ಕೊಟ್ಟದ್ದನ್ನು ದಾಖಲೆ ಬರೆದುಕೊಳ್ಳದಿದ್ದರೆ ಆ ಹಕ್ಕು ನ್ಯಾಯಾಲಯದ ಮೆಟ್ಟಿಲು ಹತ್ತಬಲ್ಲವರಿಗೆ ಮಾತ್ರ.

ಬಹುಮೌಲ್ಯವೋ ಸಂಬಂಧಾತ್ಮಕವೋ ಎಂಬ ಚರ್ಚೆಯನ್ನು ತಜ್ಞರು ತಮ್ಮ ತಮ್ಮ ಕೆಲಸಕ್ಕೆ ತಕ್ಕಂತೆ ತೀರ್ಮಾನಿಸಿಕೊಳ್ಳಲಿ. ಎರಡೂ ಪ್ರಾಮಾಣಿಕವಾದ ಉತ್ತರಗಳು. ಒಂದು, ಹಲವರನ್ನು ಒಂದೇ ಸೂರಿನಡಿ ಹೆಸರು ಹಿಡಿದು ಕೂರಿಸುತ್ತದೆ. ಇನ್ನೊಂದು, ಪ್ರತಿಯೊಬ್ಬರಿಗೂ ಬೇರೆ ಸಾಲು ಕೊಟ್ಟು ನಂಟನ್ನು ಬರೆದಿಡುತ್ತದೆ. ಎರಡರಲ್ಲಿಯೂ ತಂಗಿಯನ್ನು ಹೆಸರು ಹಿಡಿದು ಕರೆಯಬಹುದು. ಅವಳ ಎಂಟು ಗುಂಟೆ ಅವಳದೆಂದು ತೋರಿಸಬಹುದು. ಒಂದೇ ಹೆಸರು ಬರೆದು ಮುಂದೆ ವಗೈರೆ ಎನ್ನುವ ವಹಿಯಲ್ಲಾಗಲಿ, ಅಲ್ಪವಿರಾಮ ಹಾಕಿ ಹೆಸರುಗಳನ್ನು ತುರುಕಿದ ಗಣಕಯಂತ್ರದ ಅಂಕಣದಲ್ಲಾಗಲಿ ಅದು ಸಾಧ್ಯವಿಲ್ಲ. ಯಾವುದೇ ಕಚೇರಿ ಹೊಸ ದತ್ತಸಂಚಯವನ್ನು ತಂದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಅದರ ವೇಗದ್ದಲ್ಲ. ಮೂರನೆಯ ಹಕ್ಕುದಾರ ಬಂದರೆ ಅವನ ಹೆಸರನ್ನು ಎಲ್ಲಿ ಬರೆಯುತ್ತೀರಿ ಎಂಬುದು.